ಸೀದಾ ಹೋಗಿ, ಹತ್ತೇ ನಿಮಿಷ

ದಾರಿ ಕೇಳಿದವರಿಗೆ 'ಗೊತ್ತಿಲ್ಲ' ಎಂದು ಹೇಳಿ ಕಳಿಸುವುದು ನನ್ನ ಮಟ್ಟಿಗೆ ಬಾಯಾರಿ ಬಂದವರಿಗೆ ನೀರಿಲ್ಲ ಎಂದಂತೆ. ನಾನು ಹುಟ್ಟಿ ಬೆಳೆದ ಮೈಸೂರಿನಲ್ಲಿ ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಚೀಟಿ ಹಿಡಿದುಕೊಂಡು ಯಾರಾದರೂ ಆಟೋ ಸ್ಟ್ಯಾಂಡಿನ ಹತ್ತಿರ ನಿಂತರೆ ಸಾಕು, ನಾಲ್ಕು ಜನ ಸೇರುತ್ತಾರೆ, ನಾಲ್ಕು ದಿಕ್ಕಿಗೆ ಕೈ ತೋರಿಸುತ್ತಾರೆ. ಕೊನೆಗೆ ಅವರಲ್ಲಿ ಹಿರಿಯರೊಬ್ಬರು, "ಹೀಗೇ ಸೀದಾ ಹೋಗಿ, ಅಲ್ಲಿ ಯಾರನ್ನಾದ್ರೂ ಕೇಳಿ, ಹೇಳ್ತಾರೆ" ಎಂದು ತೀರ್ಪು ಕೊಡುತ್ತಾರೆ. ಸಾಲದ್ದಕ್ಕೆ ನಾನು ಹದಿನಾಲ್ಕು ವರ್ಷ ಅಲ್ಲಿನ ಒಂದು ಬ್ಯಾಂಕಿನ ವಿಚಾರಣೆಯ ಕೌಂಟರಿನಲ್ಲಿ ಕೂತವಳು. ಗೊತ್ತಿಲ್ಲದ್ದನ್ನು ಗೊತ್ತಿರುವವರ ಮುಖ ಮಾಡಿಕೊಂಡು ಹೇಳುವುದು ಆ ಕುರ್ಚಿಯ ಅರ್ಧ ಕೆಲಸ. ಆರನೇ ಕೌಂಟರಿಗೆ ಹೋಗಿ ಎಂದುಬಿಟ್ಟರೆ ಮುಂದಿನದು ಆರನೇ ಕೌಂಟರಿನವರ ಪಾಡು.

ಗಂಡನಿಗೆ ನೆದರ್‌ಲ್ಯಾಂಡ್ಸಿನ ನೈಮೆಗನ್ ಊರಿನ ಒಂದು ಚಿಪ್ ಕಂಪನಿಯಲ್ಲಿ ಕೆಲಸ ಸಿಕ್ಕಿ ನಾವು ಇಲ್ಲಿಗೆ ಬಂದಾಗ ಸಾರಿನ ಪುಡಿ, ಗೊಜ್ಜವಲಕ್ಕಿ ಮಿಕ್ಸುಗಳ ಜೊತೆ ನಾನು ಈ ಅಭ್ಯಾಸವನ್ನೂ ಕಟ್ಟಿಕೊಂಡು ಬಂದೆ. ಮೊದಲ ಎರಡು ವರ್ಷ ಅದು ಉಪಯೋಗಕ್ಕೆ ಬರಲಿಲ್ಲ, ಏಕೆಂದರೆ ನನ್ನನ್ನು ಯಾರೂ ಏನನ್ನೂ ಕೇಳಲಿಲ್ಲ. ಕೌಂಟರಿನ ಮುಂದೆ ದಿನಕ್ಕೆ ನೂರು ಜನರನ್ನು ನೋಡುತ್ತಿದ್ದವಳಿಗೆ ಇಡೀ ವಾರದಲ್ಲಿ ಮಾತಿಗೆ ಸಿಗುತ್ತಿದ್ದುದು ಗಂಡ ಮತ್ತು ಮಗಳು. ಮಗಳಿಗೆ ಹದಿಮೂರು. ಕನ್ನಡದಲ್ಲಿ ಬೈದರೆ ಡಚ್ಚಿನಲ್ಲಿ ಉತ್ತರ ಕೊಡುತ್ತಾಳೆ, ನನಗೆ ಅರ್ಥವಾಗುವಷ್ಟರಲ್ಲಿ ರೂಮು ಸೇರಿರುತ್ತಾಳೆ. ನನ್ನ ಡಚ್ ತರಗತಿಯ ಮೇಡಂ ಒಂದು ದಿನ, "ಮನೆಯಲ್ಲಿ ಕೂತರೆ ಭಾಷೆ ಬರಲ್ಲ, ಎಲ್ಲಾದರೂ ಸ್ವಯಂಸೇವಕಿಯಾಗಿ ಸೇರಿಕೋ" ಎಂದರು. ಈ ದೇಶದಲ್ಲಿ ರಿಟೈರಾದವರೆಲ್ಲ ಸಂಬಳವಿಲ್ಲದೆ ಎಲ್ಲೋ ಒಂದು ಕಡೆ ದುಡಿಯುತ್ತಿರುತ್ತಾರೆ. ಹಾಗೆ ನಾನು ದೋಣಿಗೆ ಬಂದೆ.

ಊರಿನಿಂದ ಸೈಕಲ್ಲಿನಲ್ಲಿ ಅರ್ಧ ಗಂಟೆ ಹೋದರೆ ವಾಲ್ ನದಿಯ ದಡದಲ್ಲಿ ಒಂದು ಹಳ್ಳಿ. ಅಲ್ಲಿಂದ ಆಚೆ ದಡಕ್ಕೆ ವಸಂತದಿಂದ ಅಕ್ಟೋಬರ್ ಕೊನೆಯವರೆಗೆ ಒಂದು ಪುಟ್ಟ ದೋಣಿ ಓಡಾಡುತ್ತದೆ. ಹನ್ನೆರಡು ಜನ, ಅವರ ಸೈಕಲ್ಲುಗಳು, ಅಷ್ಟೇ. ಸೇತುವೆ ಬಹಳ ದೂರ, ಹಾಗಾಗಿ ರಜೆಯ ದಿನ ಊರು ನೋಡಲು ಸೈಕಲ್ ಹತ್ತಿ ಹೊರಟವರೆಲ್ಲ ಇದನ್ನೇ ನಂಬಿರುತ್ತಾರೆ. ದೋಣಿ ನಡೆಸುವವರು ಎಪ್ಪತ್ತು ದಾಟಿದ ಒಬ್ಬರು, ಜೀವಮಾನವೆಲ್ಲ ಮರಳಿನ ಬಾರ್ಜು ಓಡಿಸಿದವರು, ಮಾತು ಬಹಳ ಕಡಿಮೆ. ಅವರನ್ನು ನಾನು ಮನಸ್ಸಿನಲ್ಲಿ ಅಂಬಿಗರು ಎಂದೇ ಕರೆಯುತ್ತೇನೆ. ನನ್ನ ಕೆಲಸ ಹಗ್ಗ ಎಸೆಯುವುದು, ಸರಪಳಿ ಹಾಕುವುದು, ಸೈಕಲ್ಲುಗಳನ್ನು ಒತ್ತಾಗಿ ನಿಲ್ಲಿಸುವುದು, ಮಕ್ಕಳು ಕಟಕಟೆಗೆ ಹತ್ತದಂತೆ ಕಣ್ಣಿಡುವುದು.

ಯಾರಿಗೆ ಯಾವ ದಿನ ಪಾಳಿ ಎಂದು ಬರೆಯುವವರು ಒಬ್ಬ ನಿವೃತ್ತ ನರ್ಸಮ್ಮ. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, ನನ್ನ ಅಳತೆಗೆ ಎರಡು ಪಟ್ಟಿದ್ದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿ, "ಒಂದು ಸೀಸನ್ ನೋಡೋಣ" ಎಂದರು. ನೋಡೋಣ! ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, 'ನೋಡೋಣ' ಎಂದು ಎದ್ದರೆ ಅದರ ಕಥೆ ಏನೆಂದು ಎಲ್ಲರಿಗೂ ಗೊತ್ತು. ಆವತ್ತಿನಿಂದ ನಾನು ಪ್ರೊಬೇಷನ್ನಿನಲ್ಲಿದ್ದೇನೆ, ಸೀಸನ್ ಮುಗಿದ ಮೇಲೆ ನಡೆಯುವ ಸಭೆಯಲ್ಲಿ ನನ್ನನ್ನು ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ ಹೇಳುತ್ತಾರೆ ಎಂದು ಎಣಿಸಿದೆ. ಆ ಭಾನುವಾರಗಳು ನನಗೆ ಬೇಕಾಗಿದ್ದವು. ಎಷ್ಟು ಬೇಕಾಗಿದ್ದವು ಎಂದು ಹೇಳಲು ನಾಚಿಕೆಯಾಗುತ್ತದೆ. ವಾರದ ಆರು ದಿನ ನಾನು ಅವರ ಹೆಂಡತಿ, ಇವಳ ಅಮ್ಮ. ಭಾನುವಾರ ಮಾತ್ರ ನಾನು ಕೈ ಎತ್ತಿದರೆ ಒಂದು ದೋಣಿ ಹೊರಡುತ್ತಿತ್ತು.

ಇನ್ನೊಂದು ವಿಷಯವೆಂದರೆ ಅಲ್ಲಿ ಜನ ನನ್ನನ್ನು ಪ್ರಶ್ನೆ ಕೇಳುತ್ತಿದ್ದರು. ದೋಣಿಯಲ್ಲಿ ಜಾಕೆಟ್ ತೊಟ್ಟು ನಿಂತವರಿಗೆ ಎಲ್ಲವೂ ಗೊತ್ತಿರುತ್ತದೆಂದು ಪ್ರವಾಸಿಗರ ನಂಬಿಕೆ. ಆಚೆ ದಡದಲ್ಲಿ ನೋಡುವಂಥದ್ದೇನಿದೆ? ಕೊಕ್ಕರೆ ಗೂಡು ಎಲ್ಲಿ? ಗಾಳಿಗಿರಣಿ ಇವತ್ತು ತೆರೆದಿದೆಯಾ? ಆಚೆ ದಡದಲ್ಲಿ ನಾನು ನೋಡಿದ್ದು ದೋಣಿ ಕಟ್ಟುವ ಗೂಟ ಮತ್ತು ಒಂದು ಬೆಂಚು. ಆದರೆ ಡಚ್ ಪುಸ್ತಕದಲ್ಲಿ ದಾರಿ ಹೇಳುವ ಪಾಠವೊಂದಿತ್ತು, ಅದನ್ನು ನಾನು ಉರು ಹೊಡೆದಿದ್ದೆ. ಎಡಕ್ಕೆ, ಬಲಕ್ಕೆ, ಸೀದಾ, ಹತ್ತು ನಿಮಿಷ. ಅರಳು ಹುರಿದಂತೆ ಹೇಳುತ್ತಿದ್ದೆ. ಜನ ಖುಷಿಯಾಗಿ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ನನ್ನ ಡಚ್ ಕೇಳಿ ಯಾರೂ ಇಂಗ್ಲಿಷಿಗೆ ತಿರುಗದಿದ್ದುದು ಆ ನಾಲ್ಕು ವಾಕ್ಯಗಳಿಗೆ ಮಾತ್ರ, ಆ ಹೆಮ್ಮೆ ಬೇರೆ.

ಜೂನ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಒಂದು ಮುದಿ ದಂಪತಿ ದೋಣಿ ಹತ್ತಿದರು. ಹೆಂಗಸು ಬಾಗಿಲಷ್ಟು ಎತ್ತರ, ಕೆಂಪು ರೇನ್‌ಕೋಟು. ಗಂಡ ಸಣಕಲು ಮನುಷ್ಯ, ಸೊಂಟದ ಆಪರೇಷನ್ ಆಗಿ ಇದು ಮೊದಲ ಸವಾರಿಯೆಂದು ತಾವೇ ಎಲ್ಲರಿಗೂ ಹೇಳುತ್ತಿದ್ದರು. ಇಬ್ಬರದೂ ಬ್ಯಾಟರಿ ಸೈಕಲ್. ಆಚೆ ದಡದಲ್ಲಿ ಹಳೇ ಇಟ್ಟಿಗೆ ಕಾರ್ಖಾನೆಯ ಚಿಮಣಿ ಇದೆಯಂತಲ್ಲ, ತಮ್ಮಪ್ಪ ಅಲ್ಲೇ ಇಟ್ಟಿಗೆ ಸುಡುತ್ತಿದ್ದರು, ಅದು ಯಾವ ಕಡೆ ಎಂದು ಹೆಂಗಸು ಕೇಳಿದರು.

ಅಂಬಿಗರನ್ನು ಕೇಳಬಹುದಿತ್ತು, ಮೂರು ಹೆಜ್ಜೆ ಆಚೆಗಿದ್ದರು. ನಾನು ಕೈ ಬಲಕ್ಕೆ ಚಾಚಿದೆ. "ಏರಿ ಮೇಲೆ ಹತ್ತಿ, ಸೀದಾ ಹೋಗಿ, ಹತ್ತೇ ನಿಮಿಷ."

ಸಂಜೆ ಆರಕ್ಕೆ ಕೊನೆಯ ದೋಣಿ. ಐದೂ ಮುಕ್ಕಾಲಿಗೆ ಆಚೆ ದಡದಲ್ಲಿ ಒಂಬತ್ತು ಜನ ಸೇರಿದರು, ಕೆಂಪು ರೇನ್‌ಕೋಟು ಇಲ್ಲ. ಅಂಬಿಗರು ಬೆರಳು ಮಡಚಿ ಎಣಿಸಿದರು. "ಚಿಮಣಿ ನೋಡಕ್ಕೆ ಹೋದ ಇಬ್ಬರೆಲ್ಲಿ?" ಎಂದರು. ನಾನು ಬಲಗಡೆಗೆ ನೋಡಿದೆ. ಅವರು ಎಡಗಡೆಗೆ ನೋಡುತ್ತಿದ್ದರು.

"ಚಿಮಣಿ ಯಾವ ಕಡೆ?" ಎಂದೆ.

"ಎಡಕ್ಕೆ. ಏಳೆಂಟು ಕಿಲೋಮೀಟರ್."

"ನಾನು ಬಲಕ್ಕೆ ಕಳಿಸಿದೆ."

ಅವರು ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು, ನಮ್ಮ ಮ್ಯಾನೇಜರ್ ಸಾಹೇಬರು ಬೈದು ಮುಗಿಸಿ ಕಾಫಿ ತರಿಸುತ್ತಿದ್ದರು. ಇವರು ದೋಣಿಯಲ್ಲಿ ಮಡಚಿಟ್ಟಿದ್ದ ತಮ್ಮ ಪುಟ್ಟ ಸೈಕಲ್ ಬಿಡಿಸಿ ನನ್ನ ಕೈಗೆ ಕೊಟ್ಟರು. "ಈ ಜನರನ್ನ ಬಿಟ್ಟು ವಾಪಸ್ ಬರ್ತೀನಿ. ನೀನು ಅವರನ್ನ ಕರ್ಕೊಂಡು ಬಾ" ಎಂದು ಎಂಜಿನ್ ಚಾಲೂ ಮಾಡಿದರು.

ನಾನು ಸೈಕಲ್ ಕಲಿತದ್ದೇ ನಲವತ್ತಮೂರನೇ ವಯಸ್ಸಿನಲ್ಲಿ, ಇಲ್ಲಿಗೆ ಬಂದ ಮೇಲೆ. ಎದುರುಗಾಳಿ, ಏರಿಯ ಮೇಲೆ ಒಂದು ಮರವಿಲ್ಲ, ಗಾಲಿಗಳು ಊಟದ ತಟ್ಟೆಯಷ್ಟು. ಎಷ್ಟು ತುಳಿದರೂ ಪಕ್ಕದ ಹುಲ್ಲಿನಲ್ಲಿ ಮೇಯುತ್ತಿದ್ದ ಅದೇ ಹಸು ಅಲ್ಲೇ ಇರುತ್ತಿತ್ತು. ಜೋರಾಗಿ, ಕನ್ನಡದಲ್ಲಿ, ನನಗೆ ನಾನೇ ಬೈದುಕೊಂಡೆ. ಮೂರು ಕಿಲೋಮೀಟರ್ ಹೋದ ಮೇಲೆ ಒಂದು ಬೆಂಚಿನ ಮೇಲೆ ಕೆಂಪು ಕಂಡಿತು. ಗಂಡನ ಸೈಕಲ್ಲಿನ ಬ್ಯಾಟರಿ ಸತ್ತಿತ್ತು. ಅವರು ಕಾಲು ಚಾಚಿ ಪೆಪ್ಪರ್‌ಮಿಂಟ್ ಚೀಪುತ್ತಾ ಕೂತಿದ್ದರು. ಹೆಂಗಸು ನಿಂತಿದ್ದರು.

"ಕ್ಷಮಿಸಿ" ಎಂದೆ, ಉಸಿರು ಬಂದ ಮೇಲೆ.

"ನಿನಗೆ ದಾರಿ ಗೊತ್ತಿತ್ತಾ, ಇಲ್ಲವಾ?" ಎಂದರು ಆಕೆ.

"ಗೊತ್ತಿರಲಿಲ್ಲ."

"ಹಾಗಾದರೆ ಯಾಕೆ ಹೇಳಿದೆ?"

ಇದಕ್ಕೆ ಪುಸ್ತಕದಲ್ಲಿ ಪಾಠವಿರಲಿಲ್ಲ. ನಮ್ಮೂರಲ್ಲಿ ಕೇಳಿದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ, ಗೊತ್ತಿಲ್ಲ ಅನ್ನುವುದು ಒರಟುತನ ಎಂದು ಹರಕು ಮುರುಕು ಡಚ್ಚಿನಲ್ಲಿ ವಿವರಿಸಿದೆ. ಆಕೆ ನನ್ನ ಮುಖವನ್ನೇ ನೋಡಿದರು. "ವಿಚಿತ್ರ" ಎಂದರು. ಗಂಡ ಮಾತ್ರ ನಕ್ಕು, "ಚಿಮಣಿ ಸಿಗಲಿಲ್ಲ. ಆದರೆ ಕಾಡುಕುದುರೆಗಳನ್ನ ನೋಡಿದ್ವಿ, ಮರಿ ಸಮೇತ" ಎಂದು ನನಗೂ ಒಂದು ಪೆಪ್ಪರ್‌ಮಿಂಟ್ ಕೊಟ್ಟರು.

ವಾಪಸು ಬಂದ ಮೆರವಣಿಗೆಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಹೆಂಡತಿಯ ಸೈಕಲ್ ಮೇಲೆ ಗಂಡ, ತಟ್ಟೆ ಗಾಲಿಯ ಸೈಕಲ್ ಮೇಲೆ ಮೊಣಕಾಲು ಕಿವಿಗೆ ಬಡಿಯುವಂತೆ ಆ ಎತ್ತರದ ಹೆಂಗಸು, ಹಿಂದೆ ಸತ್ತ ಸೈಕಲ್ ತಳ್ಳುತ್ತಾ ಲೈಫ್ ಜಾಕೆಟ್ಟಿನಲ್ಲಿ ಬೆವರುತ್ತಾ ಓಡುವ ನಾನು. ಅಂಬಿಗರು ಕಾದಿದ್ದರು. ದೋಣಿ ಹೊರಟ ಕೂಡಲೇ ಹೆಂಗಸು ನನ್ನ ಎದುರಿಗೇ ಅವರಿಗೆ, "ಈಕೆ ನಮಗೆ ತಪ್ಪು ದಾರಿ ಹೇಳಿದಳು" ಎಂದರು. ನಮ್ಮಲ್ಲಾಗಿದ್ದರೆ ಎದುರಿಗೆ ಪರವಾಗಿಲ್ಲ ಬಿಡಿ ಎಂದು, ಬೆನ್ನ ಹಿಂದೆ ಊರಿಗೆಲ್ಲ ಹೇಳುತ್ತಿದ್ದರು. "ಗೊತ್ತು" ಎಂದರು ಅಂಬಿಗರು. ಇಳಿಯುವಾಗ ಆಕೆ ನನ್ನ ಕೈ ಕುಲುಕಿ, ದಿನ ಚೆನ್ನಾಗಿತ್ತು ಎಂದು ಹೇಳಿ ಹೋದರು. ಅವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು.

ನನ್ನ ಮಟ್ಟಿಗೆ ಮುಗಿಯಲಿಲ್ಲ. ಹಗ್ಗ ಸುತ್ತಿಡುವಾಗ ಅಂಬಿಗರು, "ಮುಂದಿನ ಭಾನುವಾರ ಬರೋ ಮೊದಲು ಆ ಚಿಮಣಿ ನೋಡ್ಕೊಂಡು ಬಾ" ಎಂದಷ್ಟೇ ಹೇಳಿದರು. ಅಂದರೆ ಮುಂದಿನ ಭಾನುವಾರ ಇದೆ, ಆದರೆ ಸಭೆಯಲ್ಲಿ ಈ ಸಂಗತಿ ಬರುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಮನೆಗೆ ಬಂದು ಗಂಡನಿಗೆ ಹೇಳಿದರೆ, "ನಿನ್ನ ಮಾತು ನಂಬಿ ಹೋದ್ರಲ್ಲ, ಪಾಪ. ನಾನೂ ಹದಿನೆಂಟು ವರ್ಷದಿಂದ ಹಾಗೇ ಸೀದಾ ಹೋಗ್ತಾನೇ ಇದೀನಿ" ಎಂದರು. ಆ ರಾತ್ರಿ ಅವರಿಗೆ ಮಜ್ಜಿಗೆಗೆ ಉಪ್ಪಿನಕಾಯಿ ಬಡಿಸಲಿಲ್ಲ.

ಬುಧವಾರ ಮಗಳನ್ನು ಎಳೆದುಕೊಂಡು ಚಿಮಣಿ ನೋಡಲು ಹೋದೆ. "ಅಮ್ಮಾ, ಇಟ್ಸ್ ಜಸ್ಟ್ ಅ ಚಿಮ್ನಿ" ಎಂದು ದಾರಿಯುದ್ದಕ್ಕೂ ಹೇಳಿದಳು. ಅವಳು ಹೇಳಿದ್ದು ನಿಜ. ಆಕಾಶಕ್ಕೆ ನಿಂತ ಒಂದು ಇಟ್ಟಿಗೆಯ ಕಂಬ, ಬೀಗ ಹಾಕಿದ ಗೇಟು, ಮಳೆಗೆ ಅಕ್ಷರ ಅಳಿಸಿದ ಬೋರ್ಡು, ಬೋರ್ಡಿಗೆ ಮೈ ಉಜ್ಜುತ್ತಿದ್ದ ಒಂದು ಮೇಕೆ. ಆದರೆ ಗೇಟಿನ ಕಂಬಿಗಳ ನಡುವೆ ಇಣುಕಿ ನೋಡುವಾಗ ಆ ಹೆಂಗಸಿನ ಅಪ್ಪ ನೆನಪಾದರು. ಅವರ ದುಡಿಮೆಯ ಜಾಗ ನೋಡಲು ಬಂದ ಮಗಳನ್ನು ನಾನು ಕುದುರೆ ನೋಡಲು ಕಳಿಸಿದ್ದೆ. ಸಂಕಟವಾಯಿತು. ದೋಣಿಯಿಂದ ಚಿಮಣಿಗೆ ಡಚ್ಚರ ಕಾಲಿಗೆ ಇಪ್ಪತ್ತೈದು ನಿಮಿಷ, ನನ್ನ ಕಾಲಿಗೆ ನಲವತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಆಮೇಲೆ ಅದು ಚಟವಾಯಿತು. ಆ ಬೇಸಿಗೆಯಲ್ಲಿ ಎರಡೂ ದಡಗಳ ಸುತ್ತಮುತ್ತ ಬೋರ್ಡು ಹಾಕಿದ ಯಾವ ಜಾಗವನ್ನೂ ನಾನು ಬಿಡಲಿಲ್ಲ. ಗಾಳಿಗಿರಣಿಗೆ ಹೋದೆ, ಏಣಿಯಷ್ಟು ಕಡಿದಾದ ಮೆಟ್ಟಿಲು ಹತ್ತಿ, ಇಳಿಯುವಾಗ ಹಿಂದುಮುಂದಾಗಿ ಇಳಿಯಬೇಕೆಂದು ತಿಳಿಯದೆ ಅರ್ಧದಲ್ಲಿ ಕೂತುಬಿಟ್ಟೆ. ಅಲ್ಲಿ ಬೀಸಿದ ಗೋಧಿ ಹಿಟ್ಟು ತಂದು ಚಪಾತಿ ಮಾಡಿದರೆ ಗಂಡ ಎರಡು ಜಾಸ್ತಿ ತಿಂದರು. ಚೆರ್ರಿ ತೋಟಕ್ಕೆ ಹೋದೆ. ಊರಿನೊಳಗಿನ ಸೈಕಲ್ ಮ್ಯೂಸಿಯಂಗೆ ಹೋಗಿ, ಆಳೆತ್ತರದ ಮುಂಗಾಲಿಯ ಸೈಕಲ್ ನೋಡಿ, ಮಡಚುವ ಸೈಕಲ್ಲನ್ನು ಕ್ಷಮಿಸಿದೆ. ಕೊಕ್ಕರೆ ಗೂಡಿನ ಕೆಳಗೆ ಒಂದು ಗಂಟೆ ನಿಂತೆ, ಕೊಕ್ಕರೆ ಏಳಲಿಲ್ಲ, ಹಾಗೆಂದೇ ಬರೆದುಕೊಂಡೆ. ಊರಾಚೆಯ ಬೆಟ್ಟ ಎಂದು ಎಲ್ಲರೂ ಭಯಭಕ್ತಿಯಿಂದ ಹೇಳುವ ದಿಬ್ಬವನ್ನೂ ಹತ್ತಿದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವಳಿಗೆ ಅದು ಬೆಟ್ಟವೇ ಅಲ್ಲ. ಆದರೆ ಮೇಲೆ ನಿಂತು ನೋಡಿದರೆ ಹುಲ್ಲುಗಾವಲು, ನದಿ, ನದಿಯ ಮೇಲೆ ಸಾಲಾಗಿ ಬಾರ್ಜುಗಳು, ಅವುಗಳ ನಡುವೆ ಎಲ್ಲೋ ಒಂದು ಕಡೆ ನಮ್ಮ ದೋಣಿ. ಸುಮ್ಮನೆ ಸಂತೋಷವಾಯಿತು.

ಭಾನುವಾರಗಳಲ್ಲಿ ನಾನು ಈಗ ಬೇರೆ ಹೆಂಗಸಾಗಿದ್ದೆ. "ಚಿಮಣಿ ನೋಡಬೇಕಾ? ಅಲ್ಲಿ ಏನೂ ಇಲ್ಲ, ಒಂದು ಮೇಕೆ ಇದೆ. ದಾರಿ ಮಾತ್ರ ಬಹಳ ಚೆನ್ನಾಗಿದೆ" ಎನ್ನುತ್ತಿದ್ದೆ. ಜನ ನಕ್ಕು, ಹೋಗಿ, ವಾಪಸು ಬಂದು, ಮೇಕೆ ಎರಡಾಗಿದೆ ಎಂದು ವರದಿ ಒಪ್ಪಿಸುತ್ತಿದ್ದರು. ಸೋಜಿಗವೆಂದರೆ ಗೊತ್ತಿಲ್ಲ ಎನ್ನುವ ಮಾತಿನಿಂದ ಆದದ್ದು. ಒಂದು ದಿನ ಯಾರೋ ದೂರದ ಒಂದು ಓರೆ ಗೋಪುರ ತೋರಿಸಿ ಅದು ಯಾವ ಊರಿನ ಚರ್ಚು ಎಂದು ಕೇಳಿದರು. ನನ್ನ ಕೈ ತಾನಾಗಿ ಮೇಲೇಳುತ್ತಿತ್ತು, ಹಿಡಿದು ಕೆಳಗಿಳಿಸಿ, "ನನಗೆ ಗೊತ್ತಿಲ್ಲ" ಎಂದೆ. ಹೇಳಿದ ಮೇಲೆ ಮುಖ ಬಿಸಿಯಾಯಿತು. ಆದರೆ ಮರುಕ್ಷಣ ಇಡೀ ದೋಣಿ ಬಾಯಿ ಬಿಟ್ಟಿತು. ಒಬ್ಬರು ಆ ಊರೆಂದರು, ಇನ್ನೊಬ್ಬರು ಅಲ್ಲ ಈ ಊರೆಂದರು, ಒಬ್ಬ ಅಜ್ಜಿ ತಾನು ಅಲ್ಲೇ ಮದುವೆಯಾದದ್ದೆಂದು ಗಂಡನ ದೂರುಗಳ ಸಮೇತ ಶುರು ಮಾಡಿದರು. ಆಚೆ ದಡ ಬಂದರೂ ಯಾರೂ ಇಳಿಯಲಿಲ್ಲ. ಅಷ್ಟು ಹೊತ್ತು ನನ್ನ ಜೊತೆ ಯಾರೂ ಡಚ್ಚಿನಲ್ಲಿ ಮಾತಾಡಿದ್ದಿಲ್ಲ. ಇಷ್ಟು ದಿನ ಎಲ್ಲ ಗೊತ್ತಿರುವವಳಂತೆ ನಿಂತು ನಾನು ಎಂಥ ಮೂರ್ಖಳಾಗಿದ್ದೆ ಅನ್ನಿಸಿತು.

ಅಕ್ಟೋಬರ್ ಕೊನೆಗೆ ದೋಣಿ ನಿಂತಿತು. ಹಳ್ಳಿಯ ಸಮುದಾಯ ಭವನದಲ್ಲಿ ಶನಿವಾರ ಬೆಳಿಗ್ಗೆ ಸಭೆ ಎಂದು ನರ್ಸಮ್ಮನ ಮೆಸೇಜ್ ಬಂತು. ಒಂದು ವಾರ ನನಗೆ ಊಟ ಸೇರಲಿಲ್ಲ. ಡಚ್ಚಿನಲ್ಲಿ ಒಂದು ಪುಟ ಭಾಷಣ ಬರೆದುಕೊಂಡೆ. ಜೂನ್ ತಿಂಗಳ ತಪ್ಪು ನನ್ನದೇ, ಅನಂತರ ಹತ್ತೊಂಬತ್ತು ಸ್ಥಳಗಳನ್ನು ಸ್ವತಃ ನೋಡಿದ್ದೇನೆ, ದಯವಿಟ್ಟು ಇನ್ನೊಂದು ಅವಕಾಶ ಕೊಡಿ ಎಂದು. ಮಗಳು ತಿದ್ದಿಕೊಟ್ಟಳು. "ಅಮ್ಮಾ, ಇಷ್ಟೊಂದು 'ಸಾರಿ'ಗಳು ಯಾಕೆ? ನೋಬಡಿ ಟಾಕ್ಸ್ ಲೈಕ್ ದಿಸ್" ಎಂದಳು, ಮೂರು ಕ್ಷಮೆಗಳನ್ನು ಹೊಡೆದುಹಾಕಿದಳು. ಎರಡನ್ನು ನಾನು ಮತ್ತೆ ಸೇರಿಸಿದೆ.

ಸಭೆಯಲ್ಲಿ ಹದಿನಾರು ಜನ, ಎಲ್ಲರೂ ಅರವತ್ತು ದಾಟಿದವರು. ಕಾಫಿ, ತಲೆಗೊಂದು ಬಿಸ್ಕತ್ತು. ನದಿಯ ನೀರು, ಎಂಜಿನ್ ರಿಪೇರಿ, ಹೊಸ ಹಗ್ಗ ಎಂದು ಮಾತು ಸಾಗಿತು. ನಾನು ಮಡಿಲಲ್ಲಿ ಕಾಗದ ಹಿಡಿದು ನನ್ನ ಸರದಿಗೆ ಕಾಯುತ್ತಿದ್ದೆ. ನರ್ಸಮ್ಮ ಕನ್ನಡಕ ಏರಿಸಿ ಒಂದು ಪಟ್ಟಿ ಓದತೊಡಗಿದರು. ಚಳಿಗಾಲದ ಕೆಲಸಗಳು. ಯಾರು ಬಣ್ಣ, ಯಾರು ಬೆಂಚು, ಯಾರು ಎಂಜಿನ್. ನನ್ನ ಹೆಸರು ಬಂತು. ನಾನು ಎದ್ದು ನಿಂತೆ.

"ಫೆಬ್ರವರಿಯಲ್ಲಿ ದೋಣಿ ಮೇಲೆತ್ತುತ್ತೇವೆ. ತಳಕ್ಕೆ ಅಂಟಿದ ಪಾಚಿ, ಚಿಪ್ಪು ಎಲ್ಲ ಕೆರೀಬೇಕು. ನೀನು ಗಿಡ್ಡ ಇದ್ದೀಯ, ಅದರ ಕೆಳಗೆ ಸುಲಭವಾಗಿ ನುಸುಳ್ತೀಯ. ಹಳೇ ಬಟ್ಟೆ ಹಾಕ್ಕೊಂಡು ಬಾ. ಮುಂದಿನದು..."

ಅಷ್ಟೇ. ಅವರು ಮುಂದಿನ ಹೆಸರಿಗೆ ಹೋಗಿಬಿಟ್ಟರು. ನಾನು ನಿಂತೇ ಇದ್ದೆ. ಪಕ್ಕದಲ್ಲಿದ್ದ ಅಂಬಿಗರು ನನ್ನ ತೋಳು ಹಿಡಿದು ಕೂರಿಸಿ, "ಬಹಳ ಗಲೀಜು ಕೆಲಸ. ಹತ್ತು ವರ್ಷ ನಾನೇ ಮಾಡಿದ್ದು" ಎಂದು ತಮ್ಮ ಬಿಸ್ಕತ್ತನ್ನು ನನ್ನ ಕಡೆ ಸರಿಸಿದರು. ಇಟ್ಟುಕೊಳ್ಳುವುದೋ ಬಿಡುವುದೋ ಎಂಬ ಪ್ರಶ್ನೆ ಆ ಕೋಣೆಯಲ್ಲಿ ನನ್ನೊಬ್ಬಳ ಮಡಿಲಲ್ಲಿ ಮಾತ್ರ ಇತ್ತು.

ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನಿಗೆ ಹೇಳುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಅವರು ಒಗ್ಗರಣೆ ಸೌಟು ಹಿಡಿದುಕೊಂಡೇ ಗಾಬರಿಯಾದರು.

"ತೆಗೆದುಹಾಕಿದ್ರಾ?"

"ಇಲ್ಲ ರೀ. ಫೆಬ್ರವರೀಲಿ ದೋಣಿ ಕೆಳಗೆ ಮಲಗಿ ಪಾಚಿ ಕೆರೀಬೇಕಂತೆ ನಾನು."

"ಆ ಚಳೀಲಾ? ನಿನ್ನ ಒಂದು ಮಾತು ಕೇಳ್ದೆ ಹಾಕ್ಬಿಟ್ರಾ? ಬೇಡ ಅಂತ ಹೇಳ್ಬಾರ್ದಿತ್ತಾ?"

"ಬೇಡ ಅನ್ನೋಕೆ ನಾನೇನು ಅವ್ರ ಮನೆಗೆ ಬಂದಿರೋ ನೆಂಟಳಾ?" ಎಂದೆ.